'ಕೃಪೆ'ಯಿಂದ ಅನುಮತಿಯವರೆಗೆ: ಪತ್ರಿಕಾ ಬರಹಗಳ ಮರುಪ್ರಕಟಣೆಯ ಹಕ್ಕು, ಒಂದು ಐತಿಹಾಸಿಕ ಅವಲೋಕನ

ಕನ್ನಡದ ನಿಯತಕಾಲಿಕಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಹೊರನಾಡ ಕನ್ನಡ ಸಂಘಗಳ ವಾರ್ತಾಪತ್ರಗಳಲ್ಲಿ ಬೇರೆಡೆಯಿಂದ ಆರಿಸಿಕೊಂಡ ಬರಹದ ಕೊನೆಗೆ 'ಕೃಪೆ' ಎಂದು ಬರೆದು ಮೂಲ ಪತ್ರಿಕೆಯ ಹೆಸರನ್ನು ಕಾಣಿಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಇದು ಸೌಜನ್ಯದ ಮಾತು. ತನ್ನದಲ್ಲದ್ದನ್ನು ತನ್ನದೆಂದು ಹೇಳಿಕೊಳ್ಳಲಿಲ್ಲವೆಂಬ ಪ್ರಾಮಾಣಿಕತೆಯ ಗುರುತೂ ಹೌದು. ಆದರೆ ಕೃಪೆಯೆಂಬುದು ಕೊಡುವವರಿಂದ ಬರತಕ್ಕದ್ದೇ ಹೊರತು ತೆಗೆದುಕೊಂಡವರು ತಾವಾಗಿಯೇ ಅಚ್ಚು ಮಾಡಿಕೊಳ್ಳತಕ್ಕದ್ದಲ್ಲ. ಕೊಟ್ಟವರು ಯಾರು, ಕೊಟ್ಟದ್ದು ಯಾವಾಗ, ಯಾವ ಉಪಯೋಗಕ್ಕಾಗಿ ಎಂಬ ಪ್ರಶ್ನೆಗಳಿಗೆ ಆ ಒಂದು ಪದದಲ್ಲಿ ಉತ್ತರವಿಲ್ಲ.

ಋಣವನ್ನು ಒಪ್ಪಿಕೊಳ್ಳುವುದು ಬೇರೆ, ಅನುಮತಿಯನ್ನು ಪಡೆಯುವುದು ಬೇರೆ. ಇವೆರಡೂ ಒಂದೇ ಎಂಬ ಭಾವನೆ ಹೇಗೆ ಹುಟ್ಟಿತು, ಯಾವ ಕಾಲದಲ್ಲಿ ಅದಕ್ಕೆ ಆಧಾರವಿತ್ತು, ಆ ಆಧಾರ ಯಾವಾಗ ಕುಸಿಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಳೆಯ ಪತ್ರಿಕೆಗಳಿಂದ ಬರಹಗಳನ್ನು ಸಂಗ್ರಹಿಸಿ ಸಂಪುಟಗಳನ್ನಾಗಿ ಪ್ರಕಟಿಸುವ ಕಾರ್ಯದಲ್ಲಿ ತೊಡಗಿರುವ ಸಂಶೋಧಕರಿಗೆ, ಅದರಲ್ಲಿಯೂ ರಾಜ್ಯದ ಹೊರಗೆ ಕುಳಿತು ಅಂತರಜಾಲದಲ್ಲಿ ಸಿಕ್ಕುವ ಪ್ರತಿಗಳನ್ನೇ ನೆಚ್ಚಬೇಕಾದವರಿಗೆ, ಇದು ಕೇವಲ ವಕೀಲರ ವಿಷಯವಲ್ಲ.

1. ವಿನಿಮಯದ ಕಾಲ

ಪತ್ರಿಕೆಗಳು ಒಂದನ್ನೊಂದು ನಕಲು ಮಾಡಿಕೊಂಡು ಬೆಳೆದದ್ದು ಇತಿಹಾಸಸಿದ್ಧ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ನಕಲಿಗೆ ಸರಕಾರದ ಆಶ್ರಯವೇ ಇದ್ದಿತು. 1792ರ ಅಂಚೆ ಕಾಯಿದೆಯು ಪ್ರತಿಯೊಬ್ಬ ಪತ್ರಿಕಾ ಮುದ್ರಕನೂ ದೇಶದ ಇತರ ಪ್ರತಿಯೊಬ್ಬ ಪತ್ರಿಕಾ ಮುದ್ರಕನಿಗೆ ತನ್ನ ಪತ್ರಿಕೆಯ ಒಂದು ಪ್ರತಿಯನ್ನು ಅಂಚೆವೆಚ್ಚವಿಲ್ಲದೆ ಕಳುಹಿಸಬಹುದೆಂದು ವಿಧಿಸಿತು. ಹೀಗೆ ಬಂದ ಪತ್ರಿಕೆಗಳಿಂದ ಬೇಕಾದುದನ್ನು ಕತ್ತರಿಸಿ ತನ್ನ ಪುಟದಲ್ಲಿ ಜೋಡಿಸುವುದೇ ಸಂಪಾದಕನ ದಿನನಿತ್ಯದ ಕೆಲಸವಾಯಿತು. 1790ರ ಆ ದೇಶದ ಕೃತಿಸ್ವಾಮ್ಯ ಕಾಯಿದೆಯು ಭೂಪಟ, ನಕಾಶೆ, ಪುಸ್ತಕಗಳನ್ನು ಹೆಸರಿಸಿತ್ತೇ ಹೊರತು ವೃತ್ತಪತ್ರಿಕೆಯನ್ನು ಹೆಸರಿಸಿರಲಿಲ್ಲ.

ಇಲ್ಲಿ ಗಮನಿಸಬೇಕಾದುದೆಂದರೆ, ಈ ನಕಲು ಪರಸ್ಪರವಾಗಿತ್ತು. ಕೊಟ್ಟವನೇ ತೆಗೆದುಕೊಳ್ಳುತ್ತಿದ್ದ, ತೆಗೆದುಕೊಂಡವನೇ ಮರುವಾರ ಕೊಡುತ್ತಿದ್ದ. ತನ್ನ ಪತ್ರಿಕೆಯನ್ನು ತಾನೇ ಕಳುಹಿಸಿಕೊಟ್ಟ ಸಂಪಾದಕ ಅದರಲ್ಲಿನ ಬರಹವನ್ನು ಬಳಸಿಕೊಂಡರೆಂದು ದೂರುವುದಕ್ಕೆ ಅವಕಾಶ ಕಡಿಮೆ. ಅವನು ನಿರೀಕ್ಷಿಸುತ್ತಿದ್ದುದು ತನ್ನ ಪತ್ರಿಕೆಯ ಹೆಸರಿನ ಉಲ್ಲೇಖವೊಂದನ್ನು ಮಾತ್ರ. ಹೆಸರನ್ನು ಹೇಳಿದರೆ ಸಾಕೆಂಬ ನಂಬಿಕೆಗೆ ಈ ವಿನಿಮಯ ವ್ಯವಸ್ಥೆಯೇ ತಳಹದಿ. 1873ರಲ್ಲಿ ಉಚಿತ ವಿನಿಮಯ ನಿಂತುಹೋಯಿತು. ವ್ಯವಸ್ಥೆ ಹೋಯಿತು, ನಂಬಿಕೆ ಮಾತ್ರ ಉಳಿಯಿತು.

2. ಬರಹವು ಸರಕಾದಾಗ

ವಿನಿಮಯದ ಸ್ಥಾನದಲ್ಲಿ ವ್ಯಾಪಾರ ಬಂದಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಮುದ್ರಣಾಲಯದ ಕೆಲಸಗಾರರು ಸೈನ್ಯಕ್ಕೆ ಸೇರಿಹೋಗಲು, ವಿಸ್ಕಾನ್ಸಿನ್ ಪ್ರಾಂತದ ಬಾರಾಬೂ ಎಂಬ ಊರಿನ ಪತ್ರಿಕೆಯ ಒಡೆಯ ಆನ್ಸೆಲ್ ನ್ಯಾಶ್ ಕೆಲಾಗ್, ಒಂದು ಬದಿ ಅಚ್ಚಾಗಿದ್ದ ಹಾಳೆಗಳನ್ನು ಪಕ್ಕದ ಪಟ್ಟಣದಿಂದ ತರಿಸಿಕೊಂಡು ಮತ್ತೊಂದು ಬದಿಯಲ್ಲಿ ತನ್ನ ಊರಿನ ಸುದ್ದಿಯನ್ನು ಅಚ್ಚುಮಾಡತೊಡಗಿದ. 1865ರಲ್ಲಿ ಆತ ಷಿಕಾಗೋ ನಗರದಲ್ಲಿ ಇದನ್ನೇ ಉದ್ಯಮವನ್ನಾಗಿ ಮಾಡಿದ. ಇಂಗ್ಲೆಂಡಿನಲ್ಲಿ 1873ರಲ್ಲಿ ಬೋಲ್ಟನ್ ನಗರದ ಟಿಲಟ್ಸನ್ ಸಂಸ್ಥೆಯು ಧಾರಾವಾಹಿ ಕಾದಂಬರಿಗಳ ಹಕ್ಕನ್ನು ಲೇಖಕರಿಂದ ಕೊಂಡು, ಒಂದೇ ಕಥೆಯನ್ನು ಬೇರೆ ಬೇರೆ ಊರುಗಳ ಪತ್ರಿಕೆಗಳಿಗೆ ಏಕಕಾಲದಲ್ಲಿ ಮಾರಲಾರಂಭಿಸಿತು. 1884ರಲ್ಲಿ ಎಸ್. ಎಸ್. ಮೆಕ್ಲೂರ್ ಅಮೆರಿಕದಲ್ಲಿ ಇಂಥದೇ ಸಂಸ್ಥೆಯನ್ನು ಸ್ಥಾಪಿಸಿದ. ಇಂದು ನಾವು ಸಿಂಡಿಕೇಟ್ ಬರಹ ಎಂದು ಕರೆಯುವುದರ ಮೂಲ ಇದು.

ಈ ಪದ್ಧತಿಯಲ್ಲಿ ಮೂರು ಪಕ್ಷಗಳು ಇರುತ್ತವೆ: ಲೇಖಕ, ಸಿಂಡಿಕೇಟ್, ಪತ್ರಿಕೆ. ಪತ್ರಿಕೆಯು ಹಣ ಕೊಟ್ಟು ಪಡೆಯುವುದು ಬರಹವನ್ನಲ್ಲ, ಅದನ್ನು ತನ್ನ ಪುಟದಲ್ಲಿ ಪ್ರಕಟಿಸುವ ಅವಕಾಶವನ್ನು ಮಾತ್ರ. ಆದುದರಿಂದ ಆ ಪತ್ರಿಕೆಯ ಪುಟದಿಂದ ಬರಹವನ್ನು ಎತ್ತಿಕೊಳ್ಳುವವರಿಗೆ ಪತ್ರಿಕೆಯ ಸಂಪಾದಕ ಸಂತೋಷದಿಂದ ಒಪ್ಪಿಗೆ ನೀಡಿದರೂ ಆ ಒಪ್ಪಿಗೆಗೆ ಬೆಲೆಯಿಲ್ಲ. ತನ್ನಲ್ಲಿ ಇಲ್ಲದ್ದನ್ನು ಯಾರೂ ಕೊಡಲಾರರು.

ಹಳೆಯ ರೂಢಿಗೂ ಹೊಸ ವ್ಯವಹಾರಕ್ಕೂ ನ್ಯಾಯಾಲಯದಲ್ಲಿ ಮುಖಾಮುಖಿಯಾದದ್ದು 1892ರಲ್ಲಿ. ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿದ್ದ ರುಡ್ಯಾರ್ಡ್ ಕಿಪ್ಲಿಂಗನ ಲೇಖನವೊಂದರ ಗಣನೀಯ ಭಾಗವನ್ನು 'ಸೇಂಟ್ ಜೇಮ್ಸ್ ಗೆಜೆಟ್' ಪತ್ರಿಕೆ ಬಳಸಿಕೊಂಡಿತು. ಲಾಹೋರ್, ಅಲಹಾಬಾದುಗಳ ಪತ್ರಿಕೆಗಳಲ್ಲಿ ದುಡಿದು ಹೆಸರಾದ ಲೇಖಕನ ಬರಹಕ್ಕೆ ಆಗಲೇ ಮಾರುಕಟ್ಟೆಯ ಬೆಲೆ ಬಂದಿತ್ತು. ಪತ್ರಿಕೆಗಳು ಪರಸ್ಪರ ಬರಹಗಳನ್ನು ಎತ್ತಿಕೊಳ್ಳುವುದು ವೃತ್ತಿಯ ವಾಡಿಕೆ ಎಂಬುದು ಪ್ರತಿವಾದಿಗಳ ವಾದ. ನ್ಯಾಯಮೂರ್ತಿ ನಾರ್ತ್ ಈ ವಾದವನ್ನು ಒಪ್ಪಲಿಲ್ಲ. ವಾಡಿಕೆ ಎಷ್ಟೇ ಹಳೆಯದಾದರೂ ಒಬ್ಬರ ಹಕ್ಕನ್ನು ಮತ್ತೊಬ್ಬರಿಗೆ ವರ್ಗಾಯಿಸಲಾರದು ಎಂಬ ತತ್ತ್ವ ಈ ತೀರ್ಪಿನಿಂದ ಸ್ಥಿರಪಟ್ಟಿತು.

3. ಬರ್ನ್ ಒಡಂಬಡಿಕೆಯ ಹೆಜ್ಜೆಗಳು

ಇದೇ ಕಾಲದಲ್ಲಿ ರಾಷ್ಟ್ರಗಳ ನಡುವಣ ಒಪ್ಪಂದಗಳಲ್ಲಿಯೂ ಈ ಪ್ರಶ್ನೆ ಚರ್ಚೆಗೆ ಬಂದಿತು. 1886ರ ಬರ್ನ್ ಒಡಂಬಡಿಕೆಯ ಏಳನೆಯ ವಿಧಿಯಂತೆ ಸದಸ್ಯ ರಾಷ್ಟ್ರವೊಂದರ ಪತ್ರಿಕೆಯ ಲೇಖನವನ್ನು ಇತರ ಸದಸ್ಯ ರಾಷ್ಟ್ರಗಳಲ್ಲಿ ಮೂಲದಲ್ಲಿಯಾಗಲಿ ಅನುವಾದದಲ್ಲಿಯಾಗಲಿ ಪ್ರಕಟಿಸಬಹುದಾಗಿತ್ತು. ಲೇಖಕ ಅಥವಾ ಪ್ರಕಾಶಕ ಸ್ಪಷ್ಟವಾಗಿ ನಿಷೇಧಿಸಿದ್ದರೆ ಮಾತ್ರ ಕೂಡದು. ರಾಜಕೀಯ ಚರ್ಚೆಗೂ ದಿನದ ಸುದ್ದಿಗೂ ಈ ನಿಷೇಧವೂ ಅನ್ವಯಿಸುತ್ತಿರಲಿಲ್ಲ. ಅಂದರೆ, ಬೇಡವೆನ್ನದಿದ್ದರೆ ಒಪ್ಪಿಗೆಯಿದ್ದಂತೆ ಎಂಬುದು ಅಂದಿನ ನಿಯಮ.

ಮುಂದಿನ ಪರಿಷ್ಕರಣೆಗಳಲ್ಲಿ ಈ ಸ್ವಾತಂತ್ರ್ಯ ಕ್ರಮೇಣ ಕಿರಿದಾಯಿತು. 1896ರಲ್ಲಿ ಪ್ಯಾರಿಸಿನಲ್ಲಿ ಧಾರಾವಾಹಿ ಕಾದಂಬರಿಗಳನ್ನು ಅನುಮತಿಯಿಲ್ಲದೆ ಪ್ರಕಟಿಸಕೂಡದೆಂದಾಯಿತು. 1908ರ ಬರ್ಲಿನ್ ಪರಿಷ್ಕರಣೆಯಲ್ಲಿ ಕಾದಂಬರಿಯಂಥ ಸಾಹಿತ್ಯಕೃತಿಗಳಿಗೆ ಪೂರ್ಣ ರಕ್ಷಣೆ ದೊರೆತು, ಉಳಿದ ಲೇಖನಗಳನ್ನು ಪತ್ರಿಕೆಯಿಂದ ಪತ್ರಿಕೆಗೆ ಮಾತ್ರ, ಮೂಲವನ್ನು ತಿಳಿಸಿ ತೆಗೆದುಕೊಳ್ಳಬಹುದೆಂಬ ಕಟ್ಟು ಬಂದಿತು. 1928ರ ರೋಮ್ ಪರಿಷ್ಕರಣೆಯು ಈ ಸೌಲಭ್ಯವನ್ನು ಪ್ರಚಲಿತ ಆರ್ಥಿಕ, ರಾಜಕೀಯ, ಧಾರ್ಮಿಕ ವಿಷಯಗಳ ಲೇಖನಗಳಿಗೆ ಸೀಮಿತಗೊಳಿಸಿತು. ನಲವತ್ತೆರಡು ವರ್ಷಗಳಲ್ಲಿ ನಿಯಮವೇ ಅಪವಾದವಾಯಿತು, ಅಪವಾದವೇ ನಿಯಮವಾಯಿತು. ಮೂಲವನ್ನು ತಿಳಿಸಬೇಕೆಂಬ ವಿಧಿ ಬಂದದ್ದು ಅನುಮತಿಗೆ ಬದಲಾಗಿ ಅಲ್ಲ. ಅನುಮತಿ ಬೇಕಿಲ್ಲದ ಕಿರಿದಾದ ಕ್ಷೇತ್ರದೊಳಗೆ ಒಂದು ಹೆಚ್ಚಿನ ಕರ್ತವ್ಯವಾಗಿ.

4. ತಂತಿಯ ಸುದ್ದಿ

ಸುದ್ದಿಯ ಪ್ರಶ್ನೆ ಲೇಖನದ ಪ್ರಶ್ನೆಗಿಂತ ಭಿನ್ನ. ಘಟನೆ ಯಾರ ಸ್ವತ್ತೂ ಅಲ್ಲ; ಆದರೆ ಅದನ್ನು ಸಮುದ್ರದಾಚೆಯಿಂದ ತಂತಿಯ ಮೂಲಕ ತರಿಸಲು ಅಪಾರ ವೆಚ್ಚವಾಗುತ್ತಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ವಸಾಹತು 1871ರಲ್ಲಿಯೇ ತಂತಿಯ ಸುದ್ದಿಗೆ ಅಲ್ಪಾವಧಿಯ ರಕ್ಷಣೆಯನ್ನು ಕಾನೂನಿನ ಮೂಲಕ ನೀಡಿತು. ಭಾರತದಲ್ಲಿ ರಾಯಿಟರ್ ಸಂಸ್ಥೆಯು 1866ರಲ್ಲಿ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿತ್ತು. ತಂತಿಯ ಪತ್ರಿಕಾ ಸಂದೇಶಗಳಿಗೆ ರಕ್ಷಣೆ ನೀಡುವ ಮಸೂದೆಯೊಂದು 1899ರಲ್ಲಿ ಇಲ್ಲಿಯೂ ಮಂಡನೆಯಾಯಿತಾದರೂ ಅದು ಶಾಸನವಾಗಲಿಲ್ಲ.

ಈ ವಿಷಯದಲ್ಲಿ ಹೆಸರಾದ ತೀರ್ಪು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಟರ್‌ನ್ಯಾಷನಲ್ ನ್ಯೂಸ್ ಸರ್ವಿಸ್ ಸಂಸ್ಥೆಗೆ ಬ್ರಿಟಿಷ್ ತಂತಿಯ ಸೌಲಭ್ಯ ತಪ್ಪಿಹೋಗಿತ್ತು. ಆಗ ಅದು ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ಸುದ್ದಿಯನ್ನು ಪೂರ್ವ ಕರಾವಳಿಯ ಪತ್ರಿಕೆಗಳ ಮೊದಲ ಮುದ್ರಣಗಳಿಂದಲೂ ಸಾರ್ವಜನಿಕ ಫಲಕಗಳಿಂದಲೂ ಸಂಗ್ರಹಿಸಿ ತನ್ನ ಗಿರಾಕಿ ಪತ್ರಿಕೆಗಳಿಗೆ ಒದಗಿಸಿತು. 1918ರ ಡಿಸೆಂಬರ್ 23ರಂದು ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿಟ್ನಿ ಬಹುಮತದ ಪರವಾಗಿ, ಸುದ್ದಿಯು ಓದುಗನ ಮಟ್ಟಿಗೆ ಸ್ವತಂತ್ರವಾದರೂ ಪೈಪೋಟಿಯ ಸಂಸ್ಥೆಗಳ ನಡುವೆ ಅದನ್ನು ಸ್ವತ್ತಿಗೆ ಸಮಾನವೆಂದು ಭಾವಿಸಬೇಕೆಂದರು. ನ್ಯಾಯಮೂರ್ತಿ ಬ್ರಾಂಡೈಸ್ ಇದಕ್ಕೆ ಭಿನ್ನಮತವನ್ನು ದಾಖಲಿಸಿದರು.

ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದ್ದು ನ್ಯಾಯಮೂರ್ತಿ ಹೋಮ್ಸ್ ಬರೆದ ಪ್ರತ್ಯೇಕ ಅಭಿಪ್ರಾಯ. ಅವರ ದೃಷ್ಟಿಯಲ್ಲಿ ಇಲ್ಲಿನ ದೋಷವೆಂದರೆ ಮೂಲವನ್ನು ಮರೆಮಾಚಿದ್ದು. ಮೂಲ ಸಂಸ್ಥೆಯ ಹೆಸರನ್ನು ಸ್ಪಷ್ಟವಾಗಿ ಕಾಣಿಸದೆ ಕೆಲವು ಗಂಟೆಗಳ ಕಾಲ ಆ ಸುದ್ದಿಯನ್ನು ಪ್ರಕಟಿಸಬಾರದೆಂದು ತಡೆದರೆ ಸಾಕಿತ್ತು. ನಮ್ಮ 'ಕೃಪೆ'ಯ ರೂಢಿಗೆ ಉನ್ನತ ನ್ಯಾಯಪೀಠದಿಂದ ದೊರೆತ ಬಹು ದೊಡ್ಡ ಸಮರ್ಥನೆ ಇದೆನ್ನಬಹುದು. ಆದರೆ ಅದು ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯವಾಗಿಯೇ ಉಳಿಯಿತು.

5. ಭಾರತದ ಕಾನೂನು

ಭಾರತದಲ್ಲಿ 1847ರ ಕಾಯಿದೆಯ ನಂತರ ಬಂದದ್ದು 1914ರ ಕಾಯಿದೆ; ಇದು ಬ್ರಿಟನ್ನಿನ 1911ರ ಕಾಯಿದೆಯನ್ನು ಕೆಲವು ಮಾರ್ಪಾಡುಗಳೊಡನೆ ಅಂಗೀಕರಿಸಿತು. ಅದರಂತೆ ಪತ್ರಿಕೆಯ ನೌಕರನು ಬರೆದ ಲೇಖನದ ಸ್ವಾಮ್ಯ ಒಡೆಯನಿಗೆ ಸೇರಿದರೂ, ಪತ್ರಿಕೆಯ ಭಾಗವಾಗಿ ಅಲ್ಲದೆ ಬೇರೆ ರೂಪದಲ್ಲಿ ಅದನ್ನು ಪ್ರಕಟಿಸುವುದನ್ನು ತಡೆಯುವ ಹಕ್ಕು ಲೇಖಕನಲ್ಲಿ ಉಳಿಯುತ್ತಿತ್ತು. ಸ್ವತಂತ್ರ ಭಾರತದ 1957ರ ಕಾಯಿದೆ 1958ರ ಜನವರಿ 21ರಿಂದ ಜಾರಿಗೆ ಬಂದಿತು. ಇದರ 17ನೆಯ ಕಲಮಿನಂತೆ ನೌಕರ ಲೇಖಕನ ಬರಹದ ವಿಷಯದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಒಡೆಯನದು. ಉಳಿದೆಲ್ಲ ವಿಷಯಗಳಲ್ಲಿ ಲೇಖಕನೇ ಮೊದಲ ಸ್ವಾಮಿ. ನೌಕರನಲ್ಲದ ಹವ್ಯಾಸಿ ಲೇಖಕನ ಬರಹವಾದರೆ, ಬರವಣಿಗೆಯಲ್ಲಿ ವರ್ಗಾಯಿಸಿಕೊಡದ ಹೊರತು ಎಲ್ಲ ಹಕ್ಕೂ ಅವನದೇ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮುಂಬಯಿಯ ಸಂಶೋಧಕರೊಬ್ಬರು ಹಳೆಯ ವಾರಪತ್ರಿಕೆಯೊಂದರ ಅಂಕಣ ಬರಹಗಳನ್ನು ಪುಸ್ತಕವಾಗಿ ತರಬಯಸಿದರೆ, ಸಾಮಾನ್ಯವಾಗಿ ಅವರು ಬರೆಯುವುದು ಪತ್ರಿಕೆಯ ಕಚೇರಿಗೆ. ಪತ್ರಿಕೆಯ ಒಡೆಯರು ಉದಾರವಾಗಿ ಒಪ್ಪಿಗೆಯನ್ನೂ ಕೊಟ್ಟಾರು. ಆದರೆ ಪುಸ್ತಕರೂಪದ ಹಕ್ಕು ಅಂಕಣಕಾರರದು, ಅವರು ಗತಿಸಿದ್ದರೆ ಅವರ ವಾರಸುದಾರರದು. 1914ರ ಕಾಯಿದೆಯ ಕಾಲದ ನೌಕರ ಲೇಖಕನ ಬರಹವಾದರೆ ಎರಡು ಕಡೆಯ ಒಪ್ಪಿಗೆಯೂ ಇರುವುದು ಕ್ಷೇಮ. ಅಂಕಣವು ಸಿಂಡಿಕೇಟ್ ಮೂಲಕ ಬಂದಿದ್ದರೆ ಮೂರನೆಯ ಬಾಗಿಲನ್ನೂ ತಟ್ಟಬೇಕು.

ರೋಮ್ ಪರಿಷ್ಕರಣೆಯ ಛಾಯೆ 1957ರ ಕಾಯಿದೆಯ 52ನೆಯ ಕಲಮಿನಲ್ಲಿ ಉಳಿದಿದೆ. ಪ್ರಚಲಿತ ಆರ್ಥಿಕ, ರಾಜಕೀಯ, ಸಾಮಾಜಿಕ, ಧಾರ್ಮಿಕ ವಿಷಯದ ಲೇಖನವನ್ನು, ಲೇಖಕನು ಆ ಹಕ್ಕನ್ನು ಸ್ಪಷ್ಟವಾಗಿ ಕಾದಿರಿಸಿಕೊಂಡಿಲ್ಲದ ಪಕ್ಷದಲ್ಲಿ, ಮತ್ತೊಂದು ಪತ್ರಿಕೆ ಅಥವಾ ನಿಯತಕಾಲಿಕ ಪ್ರಕಟಿಸಬಹುದು. ಕಥೆ, ಕವಿತೆ, ಲಲಿತ ಪ್ರಬಂಧಗಳು ಈ ಸೌಲಭ್ಯದೊಳಗೆ ಬರುವುದಿಲ್ಲ. ಪುಸ್ತಕವೂ ಬರುವುದಿಲ್ಲ. ಜಾಲತಾಣವನ್ನು ನಿಯತಕಾಲಿಕವೆಂದು ಎಣಿಸಬೇಕೇ ಎಂಬುದನ್ನು ಆ ಕಲಮಿನ ಮಾತುಗಳು ಹೇಳುವುದಿಲ್ಲ. ಅನುವಾದವೂ ಕೃತಿಸ್ವಾಮ್ಯದ ಒಂದು ಅಂಗವಾಗಿರುವುದರಿಂದ, ಇಂಗ್ಲಿಷ್ ಪತ್ರಿಕೆಯ ವಿಶೇಷ ಲೇಖನವನ್ನು ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಅದು ಹೊಸ ಬರಹವಾಗಿ ಬಿಡುಗಡೆ ಪಡೆಯುವುದಿಲ್ಲ.

57ನೆಯ ಕಲಮಿನತ್ತಲೂ ಗಮನ ಹರಿಸಬೇಕು. ಸ್ವಾಮ್ಯವನ್ನು ಮಾರಿದ ನಂತರವೂ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಲೇಖಕನ ಹಕ್ಕನ್ನು ಇದು ಕಾಪಾಡುತ್ತದೆ. ನಮ್ಮ 'ಕೃಪೆ'ಯ ಸಾಲಿನಲ್ಲಿ ಬಹುಮಟ್ಟಿಗೆ ಕಾಣುವುದು ಪತ್ರಿಕೆಯ ಹೆಸರು. ಕಾನೂನು ರಕ್ಷಿಸುವುದು ಲೇಖಕನ ಹೆಸರನ್ನು. ಋಣ ಸ್ವೀಕಾರದ ದೃಷ್ಟಿಯಿಂದಲೂ ಆ ಪದ ಅನೇಕ ವೇಳೆ ತಪ್ಪು ವಿಳಾಸಕ್ಕೆ ಹೋಗಿದೆ.

6. ವಿದ್ಯುನ್ಮಾನ ಸಂಗ್ರಹಗಳು

ಬರಹವು ಕಾಗದದಿಂದ ಗಣಕಯಂತ್ರಕ್ಕೆ ಸಾಗಿದಾಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು. 'ನ್ಯೂಯಾರ್ಕ್ ಟೈಮ್ಸ್' ಮೊದಲಾದ ಪತ್ರಿಕೆಗಳಿಗೆ ಬರೆದ ಆರು ಮಂದಿ ಹವ್ಯಾಸಿ ಲೇಖಕರು, ತಮ್ಮ ಲೇಖನಗಳನ್ನು ಪ್ರಕಾಶಕರು ತಮ್ಮ ಒಪ್ಪಿಗೆಯಿಲ್ಲದೆ ವಿದ್ಯುನ್ಮಾನ ಸಂಗ್ರಹಗಳಿಗೆ ಕೊಟ್ಟರೆಂದು ದಾವೆ ಹೂಡಿದ್ದರು. ಟಾಸಿನಿ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ 2001ರ ಜೂನ್ 25ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಏಳಕ್ಕೆ ಎರಡರ ಬಹುಮತದಿಂದ ಲೇಖಕರ ಪರವಾಗಿ ತೀರ್ಪಿತ್ತಿತು. ಮೈಕ್ರೋಫಿಲ್ಮಿನಲ್ಲಿ ಪತ್ರಿಕೆಯ ಇಡೀ ಸಂಚಿಕೆ ಹಾಗೆಯೇ ಉಳಿದಿರುತ್ತದೆ; ವಿದ್ಯುನ್ಮಾನ ಸಂಗ್ರಹದಲ್ಲಿ ಲೇಖನವು ಸಂಚಿಕೆಯಿಂದ ಬೇರ್ಪಟ್ಟು ಒಂಟಿಯಾಗಿ ದೊರೆಯುತ್ತದೆ. ಇದೇ ತೀರ್ಪಿನ ತಿರುಳು. ಕೆನಡಾದ ಸರ್ವೋಚ್ಚ ನ್ಯಾಯಾಲಯವೂ 2006ರ ರಾಬರ್ಟ್‌ಸನ್ ಮೊಕದ್ದಮೆಯಲ್ಲಿ ಇದೇ ಹಾದಿ ಹಿಡಿದು, ದಿನದ ಸಂಚಿಕೆಯ ಸ್ವರೂಪವನ್ನು ಉಳಿಸಿಕೊಂಡ ಸಿ.ಡಿ.ಗಳಿಗೆ ಮಾತ್ರ ವಿನಾಯಿತಿ ನೀಡಿತು.

ಗೆದ್ದವರು ಲೇಖಕರು, ಆದರೆ ಸೋತವರು ಪ್ರಕಾಶಕರು ಮಾತ್ರವಲ್ಲ. ಹಕ್ಕಿನ ದಾಖಲೆಯಿಲ್ಲದ ಸಾವಿರಾರು ಲೇಖನಗಳನ್ನು ಸಂಗ್ರಹಗಳಿಂದ ತೆಗೆದುಹಾಕಲಾಯಿತು. ಅನುಮತಿಯನ್ನು ಮೊದಲೇ ಸರಿಯಾಗಿ ಬರೆದಿಡದ ತಪ್ಪಿಗೆ ದಂಡ ತೆತ್ತವರಲ್ಲಿ ಮುಂದಿನ ಸಂಶೋಧಕರೂ ಸೇರಿದರು.

1999ರಿಂದ ಬಳಕೆಗೆ ಬಂದ ಆರ್‌ಎಸ್‌ಎಸ್ ಎಂಬ ತಾಂತ್ರಿಕ ವ್ಯವಸ್ಥೆಯು ಜಾಲತಾಣದ ಹೊಸ ಬರಹಗಳನ್ನು ತಾನಾಗಿಯೇ ಚಂದಾದಾರರಿಗೆ ತಲುಪಿಸತೊಡಗಿತು. ಇದರ ವಿಸ್ತೃತ ಹೆಸರಿನಲ್ಲಿ ಸಿಂಡಿಕೇಶನ್ ಎಂಬ ಪದವೇ ಸೇರಿಕೊಂಡದ್ದರಿಂದ, ಹೀಗೆ ಹರಿದುಬಂದುದನ್ನು ತಮ್ಮ ತಾಣದಲ್ಲಿ ಮತ್ತೆ ಪ್ರಕಟಿಸಲು ಒಪ್ಪಿಗೆಯಿದೆಯೆಂದು ಅನೇಕರು ಬಗೆದರು. ಆದರೆ ಓದಲು ತಲುಪಿಸುವುದಕ್ಕೂ ಪ್ರಕಟಿಸಲು ಅಧಿಕಾರ ಕೊಡುವುದಕ್ಕೂ ಅಂತರವಿದೆ. 2013ರಲ್ಲಿ ನ್ಯೂಯಾರ್ಕಿನ ಜಿಲ್ಲಾ ನ್ಯಾಯಾಲಯವು ಅಸೋಸಿಯೇಟೆಡ್ ಪ್ರೆಸ್ ಮತ್ತು ಮೆಲ್ಟ್‌ವಾಟರ್ ಸಂಸ್ಥೆಗಳ ವ್ಯಾಜ್ಯದಲ್ಲಿ, ಸುದ್ದಿಲೇಖನಗಳ ಆಯ್ದ ಭಾಗಗಳನ್ನು ಗಿರಾಕಿಗಳಿಗೆ ಮಾರುತ್ತಿದ್ದ ಮೆಲ್ಟ್‌ವಾಟರ್ ಮುಂದಿಟ್ಟ ಮೌನಸಮ್ಮತಿಯ ವಾದವನ್ನು ತಳ್ಳಿಹಾಕಿತು. 2018ರ ಆಗಸ್ಟ್ 7ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ರೆಂಕ್‌ಹಾಫ್ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರವಾಸದ ಜಾಲತಾಣವೊಂದರಲ್ಲಿ ಎಲ್ಲರಿಗೂ ಮುಕ್ತವಾಗಿ ಕಾಣುತ್ತಿದ್ದ ಛಾಯಾಚಿತ್ರವನ್ನು ಜರ್ಮನಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದಲ್ಲಿ ಬಳಸಿದ್ದಳು. ಶಾಲೆ ಅದನ್ನು ತನ್ನ ತಾಣದಲ್ಲಿ ಪ್ರಕಟಿಸಿತು. ಚಿತ್ರ ಎಲ್ಲಿಂದ ಬಂದುದೆಂದು ಆಕೆ ಪ್ರಬಂಧದಲ್ಲಿ ನಮೂದಿಸಿದ್ದಳು. ಆದರೂ ಹೊಸ ತಾಣದಲ್ಲಿ ಪ್ರಕಟಿಸುವುದಕ್ಕೆ ಹೊಸದಾಗಿಯೇ ಅನುಮತಿ ಬೇಕೆಂದು ನ್ಯಾಯಾಲಯ ಹೇಳಿತು. 1892ರ ಲಂಡನ್ ತೀರ್ಪಿನ ಧ್ವನಿಯೇ ಇಲ್ಲಿ ಮರುಕಳಿಸಿದೆ.

7. ಸಂಶೋಧಕರ ಮುಂದಿನ ಕರ್ತವ್ಯ

ಈ ಇತಿಹಾಸವನ್ನು ಓದಿ ಹೆದರಿ ಕೈಕಟ್ಟಿ ಕುಳಿತರೆ ಅದೂ ನಷ್ಟವೇ. ಕನ್ನಡದ ಹಳೆಯ ಪತ್ರಿಕೆಗಳ ಕಾಗದ ಯಾರ ಅನುಮತಿಗೂ ಕಾಯದೆ ಪುಡಿಯಾಗುತ್ತಿದೆ. ಕಾನೂನಿನೊಳಗೆಯೇ ಇರುವ ದಾರಿಗಳನ್ನು ತಿಳಿದುಕೊಳ್ಳುವುದು ಲೇಸು. ಸಂಶೋಧನೆಗೂ ವಿಮರ್ಶೆಗೂ ಅಗತ್ಯವಾದಷ್ಟು ಭಾಗವನ್ನು ನ್ಯಾಯೋಚಿತವಾಗಿ ಬಳಸಿಕೊಳ್ಳಲು 52ನೆಯ ಕಲಮಿನಲ್ಲಿಯೇ ಅವಕಾಶವಿದೆ. 1992ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯದ ಅವಧಿ ಲೇಖಕನ ಮರಣದ ಮುಂದಿನ ವರ್ಷದ ಆರಂಭದಿಂದ ಅರವತ್ತು ವರ್ಷ. 1960ರಲ್ಲಿ ತೀರಿಕೊಂಡ ಲೇಖಕರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು 2021ರ ಜನವರಿ 1ರಿಂದ ಎಲ್ಲರ ಸ್ವತ್ತಾಗಿವೆ. ನಿಜನಾಮ ಬಯಲಾಗದ ಗುಪ್ತನಾಮದ ಬರಹಗಳಿಗೆ ಪ್ರಕಟಣೆಯಿಂದ ಅರವತ್ತು ವರ್ಷದ ಲೆಕ್ಕ. ಲೇಖಕ ಗತಿಸಿದ್ದು ಅಥವಾ ಅಜ್ಞಾತನಾಗಿದ್ದು, ಹಕ್ಕುದಾರರು ಪತ್ತೆಯಾಗದ ಸಂದರ್ಭದಲ್ಲಿ, 2012ರಲ್ಲಿ ವಿಸ್ತಾರಗೊಂಡ 31ಎ ಕಲಮಿನಂತೆ ಪತ್ರಿಕಾ ಪ್ರಕಟಣೆ ನೀಡಿ ಕಡ್ಡಾಯ ಪರವಾನಗಿಗೆ ಅರ್ಜಿ ಸಲ್ಲಿಸಬಹುದು.

ಉಳಿದ ಬರಹಗಳಿಗೆ ಅನುಮತಿಪತ್ರವೇ ಗತಿ. ಅದರಲ್ಲಿ ಬರಹದ ಹೆಸರು, ಮೊದಲ ಪ್ರಕಟಣೆಯ ಸಂಚಿಕೆ, ಅನುಮತಿ ಕೊಟ್ಟವರಿಗೂ ಲೇಖಕರಿಗೂ ಇರುವ ಸಂಬಂಧ, ಯಾವ ರೂಪದಲ್ಲಿ, ಎಷ್ಟು ಕಾಲ, ಯಾವ ಪ್ರದೇಶದಲ್ಲಿ ಪ್ರಕಟಿಸಬಹುದು, ಅಂತರಜಾಲವೂ ಸೇರಿದೆಯೇ ಎಂಬ ವಿವರಗಳು ಇರಲೇಬೇಕು. ಹಕ್ಕನ್ನು ವರ್ಗಾಯಿಸಿಕೊಡುವ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೆಯ ಕಲಂ ಭಾವಿಸುತ್ತದೆ. ಹೊರದೇಶದ ಕನ್ನಡಿಗರೂ ಓದುವ ತಾಣದಲ್ಲಿ ಸಂಗ್ರಹವನ್ನು ಇರಿಸುವವರು ಇದನ್ನು ಮರೆಯಬಾರದು. ಈ ಪತ್ರವನ್ನು ಸಂಪಾದಕರ ಮನೆಯಲ್ಲಲ್ಲ, ಸಂಗ್ರಹವನ್ನು ಕಾಯುವ ಗ್ರಂಥಾಲಯದಲ್ಲಿ ಬರಹದ ಜೊತೆಗೇ ಇಡಬೇಕು.

'ಕೃಪೆ' ಎಂಬ ಪದವನ್ನು ಬಿಡಬೇಕಾಗಿಲ್ಲ. ಪತ್ರಿಕೆಯ ಹೆಸರಿನ ಜೊತೆಗೆ ಲೇಖಕರ ಹೆಸರನ್ನೂ ಸಂಚಿಕೆಯ ದಿನಾಂಕವನ್ನೂ ಕಾಣಿಸಿ, ಅನುಮತಿ ಕೊಟ್ಟವರು ಯಾರೆಂಬುದನ್ನು ಅದರ ಕೆಳಗೆ ಒಂದು ಸಾಲಿನಲ್ಲಿ ಹೇಳಿದರೆ ಆ ಪದ ತನ್ನ ನಿಜವಾದ ಅರ್ಥವನ್ನು ಮರಳಿ ಪಡೆಯುತ್ತದೆ. ಅಂಥ ಒಂದು ಸಾಲು ಇಂದಿನ ಸಂಪಾದಕನ ಹೊಣೆಯನ್ನು ತೀರಿಸುವುದಲ್ಲದೆ, ಮುಂದೆ ಆ ಬರಹವನ್ನು ಅರಸಿಕೊಂಡು ಬರುವವರಿಗೆ ಅದು ಇದ್ದ ಜಾಗದಲ್ಲೇ ಸಿಕ್ಕುವಂತೆ ಮಾಡುತ್ತದೆ.